ಅಂಟು

ಮಂಗಳವಾರ, ಶುಕ್ರವಾರ, ಹನ್ನೊಂದರೊಳಗೆ
ಜೈತೂನ್ ಬೀ ಬರುತ್ತಾಳೆ.
ಬಲಗಾಲಿಗೆ ತನ್ನ ಚಪ್ಪಲಿ,
ಬ್ಯಾಂಡೇಜು ಹಿಡಿಸಲೆಂದು ಎಡಗಾಲಿಗೆ ಗಂಡನದು.
ಸ್ಟೂಲಿನ ಮೇಲೆ ಹಿಮ್ಮಡಿ ಇಟ್ಟು
ಗೋಡೆಯ ಕ್ಯಾಲೆಂಡರಿನ ಕಡೆ ಮುಖ ತಿರುಗಿಸುತ್ತಾಳೆ,
ಕಾಲು ಬೇರೆ ಯಾರದೋ ಎಂಬಂತೆ.

ಹದಿನಾಲ್ಕು ತಿಂಗಳ ಗಾಯ.
ಹೆಬ್ಬೆರಳ ಬುಡದಲ್ಲಿ, ಎಂಟಾಣೆ ಅಗಲ.
ಬೇಸಿನ್ನಿನಿಂದ ತುಳುಕಿದ ಕುದಿನೀರೋ, ತಗಡಿನ ಅಂಚೋ,
ಏನು ತಾಗಿತೆಂದು ಅವಳಿಗೇ ಗೊತ್ತಿಲ್ಲ.
ಸಕ್ಕರೆ ಕಾಯಿಲೆ ಮೊದಲು ತಿಂದದ್ದು ನೋವನ್ನು.

ಶಿಡ್ಲಘಟ್ಟದ ಈ ಡ್ರೆಸ್ಸಿಂಗ್ ಕೋಣೆಯಲ್ಲಿ
ನನಗೆ ಇಪ್ಪತ್ತೆರಡು ವರ್ಷ.
ಮೂರು ಬಗೆ ಮಾತ್ರೆ ಮುಗಿದವು, ಮುಲಾಮು ಬದಲಾಯಿತು.
ಗಾಯ ಮಾತ್ರ ಹೊಳೆಯುತ್ತ ಕೂತಿತ್ತು,
ಕೆಂಪಿನ ಮೇಲೊಂದು ತೆಳು ಮಿನುಗು,
ಗಂಜಿ ಆರಿದಾಗ ಕಟ್ಟುವ ಕೆನೆಯ ಹಾಗೆ.
ಒರೆಸಿದರೆ ಹೋಗುತ್ತಿತ್ತು.
ಶುಕ್ರವಾರ ನನಗಿಂತ ಮೊದಲೇ ಬಂದು ಕೂತಿರುತ್ತಿತ್ತು.

ಹೊಸದಾಗಿ ಬಂದ ಡಾಕ್ಟರಮ್ಮ ದೀಪ ಬಗ್ಗಿಸಿ ನೋಡಿದರು.
"ಕೀವಲ್ಲ ಇದು, ಮನೆ.
ಬ್ಯಾಕ್ಟೀರಿಯಾ ತಮ್ಮದೇ ಅಂಟು ಸುರಿಸಿ ಒಳಗೆ ಕೂತಿವೆ.
ಬಯೋಫಿಲ್ಮ್ ಅಂತಾರೆ.
ಮಾತ್ರೆ ಬಾಗಿಲ ತನಕ ಹೋಗಿ ನಿಲ್ಲುತ್ತೆ.
ಒಳಗೋ, ಎಷ್ಟೋ ನಿದ್ದೆಯಲ್ಲಿವೆ.
ಉಣ್ಣಲು ಏಳದವರಿಗೆ ವಿಷ ಬಡಿಸೋದು ಹೇಗೆ?"
ಅರ್ಥವಾದವನಂತೆ ತಲೆಯಾಡಿಸಿದೆ.
ಅರ್ಥವಾದದ್ದು ಜೈತೂನ್ ಬೀಗೆ.

"ಗೂಡು," ಅಂದಳು ಕ್ಯಾಲೆಂಡರಿಗೆ.
"ಹುಳದ ಬಾಯಿಂದ ನೂಲು, ನೂಲಿನ ಜೊತೆ ಗೋಂದು.
ನೂಲಿಗಿಂತ ಗೋಂದೇ ಹಟಮಾರಿ, ಪಿಳ್ಳಣ್ಣ.
ಒಣಗೂಡು ಕೆರೆದರೆ ಎಳೆ ಬರಲ್ಲ, ಉಗುರು ಬರ್ತದೆ.
ಬೇಯಿಸಬೇಕು. ಪೊರಕೆ ಆಡಿಸಬೇಕು.
ಮೇಲಿನ ಜುಂಗು ಬಂದು ಹೋಗಲಿ,
ಎಳೆ ಕಂಡ ಕೂಡಲೆ ಹಿಡೀಬೇಕು.
ಚಾ ಕುಡಿಯೋಕೆ ಎದ್ದರೋ,
ನೀರು ಆರಿ, ಮತ್ತೆ ಅಂಟು."

ಡಾಕ್ಟರಮ್ಮನ ಕೈ ಗಾಳಿಯಲ್ಲೇ ನಿಂತಿತು.

ಅವತ್ತಿನಿಂದ ನಮ್ಮ ಕೆಲಸಕ್ಕೆ ಅವಳ ಮಾತೇ ಮಾತು.
ಉಗುರುಬೆಚ್ಚನೆ ಸಲೈನಿನಲ್ಲಿ ಗಾಜು ನೆನೆಸಿ ಗಾಯದ ಮೇಲೆ ಹಾಸಿ
"ಬೇಯಲಿ" ಎಂದು ಹತ್ತು ನಿಮಿಷ ಕಾಯುತ್ತೇನೆ.
ಡಾಕ್ಟರಮ್ಮ ಕ್ಯೂರೆಟ್ಟಿನ ಪುಟ್ಟ ಚಮಚದಿಂದ
ಅಂಚು ಹಿಡಿದು ಒಳಕ್ಕೆ ಕೆರೆಯುತ್ತಾರೆ.
ಟ್ರೇಗೆ ಬೀಳುತ್ತದೆ ಬಿಳಿ ಜುಂಗು.
ಕೊನೆಗೆ ಸಾಸಿವೆಯಂತೆ ರಕ್ತ, ಒಂದು, ಇನ್ನೊಂದು.
ಆಗ ಅವಳು ತಿರುಗಿ ನೋಡಿದಳು, ಮೊದಲ ಸಲ,
ತನ್ನ ಕಾಲನ್ನು.

ಒಂದು ದಿನ, ಹೆಚ್ಚೆಂದರೆ ಎರಡು,
ಅಷ್ಟರಲ್ಲಿ ಅವು ಮತ್ತೆ ಮನೆ ಕಟ್ಟುತ್ತವಂತೆ.
ಬಾಗಿಲು ತೆರೆದಿರುವಾಗಲೇ ಅಯೋಡಿನ್ ಮುಲಾಮು ತುಂಬಬೇಕು.
"ದಿನ ಬಿಟ್ಟು ದಿನ ಬಾ," ಅಂದೆ.
"ಬೇಸಿನ್ನಿನ ಮುಂದೆ ನೀನು ಕೂರ್ತೀಯಾ?" ಅಂದಳು.

ಕೂರಲಿಲ್ಲ. ಸ್ಟೀಲ್ ಡಬ್ಬಿ ಸೈಕಲ್ಲಿಗೆ ಕಟ್ಟಿಕೊಂಡು
ಸಂಜೆ ನಾನೇ ಹೋಗತೊಡಗಿದೆ.
ಬೆಂದ ಹುಳದ ನಾತ, ಹಬೆ, ಚಕ್ರಗಳ ಸದ್ದು.
ಪಕ್ಕದ ಒಣ ಕೋಣೆಯಲ್ಲಿ, ಮಗುಚಿದ ಬುಟ್ಟಿಯ ಮೇಲೆ ಅವಳ ಕಾಲು.
ನಿಯಮದಲ್ಲಿ ಇದಕ್ಕೆ ಕಾಲಂ ಇಲ್ಲ.
ಮೆತ್ತೆಗೆ ತೂತು ಕೊರೆದು ಗಾಯದ ಮೇಲೆ ಭಾರ ಬೀಳದಂತೆ ಕಟ್ಟುವಾಗ
ಅವಳ ಬೆರಳು ಕಂಡವು,
ನೆನೆನೆನೆದು ಸುಕ್ಕಾದ, ಗೆರೆಗಳಳಿದ ಬೆರಳು.
ಹೆಬ್ಬೆಟ್ಟು ಒತ್ತಿದರೆ ಯಂತ್ರ ಗುರುತಿಸಲ್ಲ,
ರೇಷನ್ ಅಂಗಡಿಯಲ್ಲಿ ನಾನು ನಾನಲ್ಲ, ಎಂದು ನಕ್ಕಳು.

"ಪಾಪ, ಅವಕ್ಕೂ ಮನೆ ಬೇಕಲ್ಲ,"
ಅಂದಳು ಇನ್ನೊಂದು ದಿನ. ಹುಳಕ್ಕೋ, ಗಾಯದವಕ್ಕೋ,
ನಾನು ಕೇಳಲಿಲ್ಲ.

ಈಗ ನಾಲ್ಕಾಣೆ ಅಗಲ. ಅಂಚಿನಿಂದ ಎಳೆಚರ್ಮ ನುಸುಳುತ್ತಿದೆ.
ನಿನ್ನೆ ಬಿಚ್ಚಿದಾಗ ಒಂದು ಮೂಲೆಯಲ್ಲಿ
ಎಳ್ಳುಕಾಳಿನಷ್ಟು ಮಿನುಗು.
ಬಾಯಿಬಿಡಲೋ ಬೇಡವೋ ಎಂದು ನಾನಿನ್ನೂ ಅಳೆಯುತ್ತಿದ್ದೆ.
"ನೀರು ಕಾಯಿಸು, ಪಿಳ್ಳಣ್ಣ," ಅಂದಳು.